ಮತ ಹಾಕದಿರುವ ಸೌಕರ್ಯ

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನಗಳ ಕಾಲ, ಅಮೆರಿಕದ ಒಕ್ಕೂಟ ಸರ್ಕಾರದ ಬೊಕ್ಕಸ ಮುಚ್ಚಿತ್ತು. ಆ ದೇಶದ ಚರಿತ್ರೆಯಲ್ಲಿ ಅಷ್ಟು ದೀರ್ಘವಾದ ಸ್ಥಗಿತ ಹಿಂದೆಂದೂ ಆಗಿರಲಿಲ್ಲ. ಲಕ್ಷಾಂತರ ನೌಕರರು ಸಂಬಳವಿಲ್ಲದೆ ಮನೆಯಲ್ಲಿ ಕುಳಿತರು. ಇನ್ನೂ ಕೆಲವು ಲಕ್ಷ ಮಂದಿ ಸಂಬಳವಿಲ್ಲದೆಯೇ ಕೆಲಸಕ್ಕೆ ಹೋದರು. ವಿಮಾನ ಸಂಚಾರ ನಿಯಂತ್ರಕರ ಕೊರತೆಯಿಂದ 40 ದೊಡ್ಡ ನಿಲ್ದಾಣಗಳಲ್ಲಿ ಹಾರಾಟವನ್ನು ಕಡಿತಗೊಳಿಸಬೇಕಾಯಿತು. ಸರ್ಕಾರದ ಆಹಾರ ನೆರವನ್ನು ನೆಚ್ಚಿಕೊಂಡ ಸುಮಾರು 4.2 ಕೋಟಿ ಜನರಿಗೆ ನವೆಂಬರ್ ತಿಂಗಳ ದಿನಸಿ ಎಲ್ಲಿಂದ ಬರುತ್ತದೆ ಎಂಬುದು ತಿಂಗಳು ಹುಟ್ಟಿದ ಮೇಲೂ ತಿಳಿಯಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಇಂಥ ಸಂದರ್ಭದಲ್ಲಿ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ರಿಪಬ್ಲಿಕನ್ನರು ಏರಿಗೆ ಎಳೆದರು, ಡೆಮಾಕ್ರಾಟರು ನೀರಿಗೆ ಎಳೆದರು, ಗಾಡಿ ಹೂತುಕೊಂಡಿತು. ಇನ್ನು ಸ್ವಲ್ಪ ಓದಿಕೊಂಡವರು ಬೇರೊಂದು ಮಾತು ಹೇಳುತ್ತಾರೆ: ಅಮೆರಿಕದ ಸಂವಿಧಾನ ಬರೆದವರು ಅಧಿಕಾರವನ್ನು ನಂಬದ ಜಾಣರು, ಒಂದು ಅಂಗ ಇನ್ನೊಂದನ್ನು ತಡೆಯಲಿ ಎಂದೇ ಹಾಗೆ ಕಟ್ಟಿದರು, ಕಾನೂನು ನಿಧಾನವಾಗುವುದು ಆ ಪ್ರಜಾಪ್ರಭುತ್ವದ ಆರೋಗ್ಯದ ಲಕ್ಷಣ. ಈ ಎರಡು ವ್ಯಾಖ್ಯಾನಗಳನ್ನೂ ನಾನು ಒಪ್ಪಲಾರೆ. ಮೊದಲನೆಯದು ಜಗಳವನ್ನು ನೋಡುತ್ತದೆ, ಜಗಳದಿಂದ ಯಾರಿಗೆ ಲಾಭ ಎಂದು ಕೇಳುವುದಿಲ್ಲ. ಎರಡನೆಯದು ಚರಿತ್ರೆಯನ್ನೇ ತಪ್ಪಾಗಿ ಓದುತ್ತದೆ. ವಾಷಿಂಗ್ಟನ್ನಿನ ಶಾಸನಸಭೆ ನಿಂತುಹೋಗಿರುವುದು ಅಲ್ಲಿ ಭಿನ್ನಾಭಿಪ್ರಾಯ ಹೆಚ್ಚಾದ್ದರಿಂದ ಮಾತ್ರವಲ್ಲ. ಯಾವ ಕಠಿಣ ಪ್ರಶ್ನೆಯ ಮೇಲೂ ಮತ ಹಾಕದೆ, ಆದ್ದರಿಂದ ಯಾರಿಗೂ ಉತ್ತರ ಕೊಡದೆ ಬದುಕುವ ಸೌಕರ್ಯವನ್ನು ಅಲ್ಲಿನ ಸದಸ್ಯರು ತಮಗೆ ತಾವೇ ಮಾಡಿಕೊಂಡಿರುವುದರಿಂದ.

ಚರಿತ್ರೆಯಿಂದಲೇ ಆರಂಭಿಸೋಣ. ಸೆನೆಟ್ಟಿನಲ್ಲಿ ನೂರು ಸದಸ್ಯರು, ರಾಜ್ಯಕ್ಕೆ ಇಬ್ಬರಂತೆ. ಸುಮಾರು 3.9 ಕೋಟಿ ಜನರಿರುವ ಕ್ಯಾಲಿಫೋರ್ನಿಯಕ್ಕೂ ಇಬ್ಬರು, ಆರು ಲಕ್ಷ ಜನರೂ ಇಲ್ಲದ ವಯೋಮಿಂಗಿಗೂ ಇಬ್ಬರು. ಇದು ಸಂವಿಧಾನದಲ್ಲಿಯೇ ಇದೆ, ಬದಲಿಸುವುದು ಅಸಾಧ್ಯಕ್ಕೆ ಸಮೀಪ. ಆ ಮಾತು ಬಿಡೋಣ. ಆದರೆ ಸಾಮಾನ್ಯ ಮಸೂದೆಯೊಂದು ಮುಂದೆ ಸಾಗಬೇಕಾದರೆ ನೂರರಲ್ಲಿ 60 ಮತ ಬೇಕು ಎಂಬ ನಿಯಮ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ವಿಶೇಷ ಬಹುಮತ ಎಲ್ಲಿ ಬೇಕೋ ಅಲ್ಲಿ ಸಂವಿಧಾನವೇ ಅದನ್ನು ಬಿಡಿಸಿ ಹೇಳಿದೆ: ಒಪ್ಪಂದಗಳಿಗೆ, ಮಹಾಭಿಯೋಗದಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸುವುದಕ್ಕೆ, ಅಧ್ಯಕ್ಷರು ತಿರಸ್ಕರಿಸಿದ ಮಸೂದೆಯನ್ನು ಮತ್ತೆ ಅಂಗೀಕರಿಸುವುದಕ್ಕೆ, ಸದಸ್ಯರನ್ನು ಹೊರಹಾಕುವುದಕ್ಕೆ, ಸಂವಿಧಾನದ ತಿದ್ದುಪಡಿಗೆ. ದಿನನಿತ್ಯದ ಕಾನೂನಿಗೆ ಸರಳ ಬಹುಮತ ಸಾಕು ಎಂದೇ ಇದರ ಅರ್ಥ. ಅಲೆಕ್ಸಾಂಡರ್ ಹ್ಯಾಮಿಲ್ಟನ್ ‘ಫೆಡರಲಿಸ್ಟ್’ ಮಾಲೆಯ 22ನೆಯ ಲೇಖನದಲ್ಲಿ ಇದೇ ವಿಷಯವನ್ನು ಎತ್ತಿಕೊಂಡು, ಅಲ್ಪಸಂಖ್ಯೆಯ ಗುಂಪಿಗೆ ತಡೆಯುವ ಅಧಿಕಾರ ಕೊಟ್ಟರೆ ಸರ್ಕಾರ ದುರ್ಬಲವಾಗುತ್ತದೆ, ಒಳಗೊಳಗೇ ಕುತಂತ್ರಕ್ಕೆ ದಾರಿಯಾಗುತ್ತದೆ ಎಂದು ವಾದಿಸಿದ್ದ. ಸಂಸ್ಥಾಪಕರ ಜಾಣತನವನ್ನು ಹೊಗಳುವವರು ಆ ಲೇಖನವನ್ನೊಮ್ಮೆ ತೆರೆದು ನೋಡಬೇಕು.

ಹಾಗಾದರೆ ಅರವತ್ತು ಎಲ್ಲಿಂದ ಬಂತು? ಆಕಸ್ಮಿಕವಾಗಿ ಬಂತು. 1806ರಲ್ಲಿ ಸೆನೆಟ್ಟು ತನ್ನ ನಿಯಮಾವಳಿಯನ್ನು ಚೊಕ್ಕಟ ಮಾಡುವಾಗ, ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಲು ಬಳಸಬಹುದಾಗಿದ್ದ ನಿಯಮವೊಂದನ್ನು ಅನಗತ್ಯವೆಂದು ಬಿಟ್ಟಿತು. ದಶಕಗಳು ಕಳೆದ ಮೇಲೆ ಕೆಲವರಿಗೆ ಹೊಳೆಯಿತು: ಮಾತನ್ನು ನಿಲ್ಲಿಸುವ ನಿಯಮವೇ ಇಲ್ಲದ ಮೇಲೆ ಮಾತಾಡುತ್ತಲೇ ಇರಬಹುದಲ್ಲ! ಇದೇ ‘ಫಿಲಿಬಸ್ಟರ್’. 1917ರಲ್ಲಿ ಮೂರರಲ್ಲಿ ಎರಡು ಪಾಲು ಮತ ಇದ್ದರೆ ಚರ್ಚೆ ಮುಗಿಸಬಹುದೆಂಬ ನಿಯಮ ಬಂತು. 1975ರಲ್ಲಿ ಅದನ್ನು ಐದರಲ್ಲಿ ಮೂರು ಪಾಲಿಗೆ, ಅಂದರೆ 60ಕ್ಕೆ, ಇಳಿಸಿದರು. ಇದಕ್ಕಿಂತ ಮುಖ್ಯವಾದ ಬದಲಾವಣೆ ಸದ್ದಿಲ್ಲದೆ ಆದದ್ದು 1970ರ ದಶಕದ ಆರಂಭದಲ್ಲಿ, ಮೈಕ್ ಮ್ಯಾನ್ಸ್‌ಫೀಲ್ಡ್ ಬಹುಮತದ ನಾಯಕನಾಗಿದ್ದಾಗ. ಒಂದು ಮಸೂದೆಗೆ ಅಡ್ಡಿ ಬಂದರೆ ಸಭೆಯೆಲ್ಲ ನಿಲ್ಲುವುದು ಬೇಡ, ಅದನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ನಡೆಸೋಣ ಎಂಬ ವ್ಯವಸ್ಥೆಯನ್ನು ಆತ ತಂದ. ಉದ್ದೇಶ ಒಳ್ಳೆಯದೇ. ಪರಿಣಾಮವೆಂದರೆ, ಅಡ್ಡಿ ಮಾಡುವವನು ಇನ್ನು ಎದ್ದು ನಿಲ್ಲಬೇಕಾಗಿಲ್ಲ, ಗಂಟಲು ಒಣಗಿಸಿಕೊಳ್ಳಬೇಕಾಗಿಲ್ಲ, ಊರವರ ಕಣ್ಣಿಗೆ ಬೀಳಬೇಕಾಗಿಯೂ ಇಲ್ಲ. ‘ನನ್ನ ಆಕ್ಷೇಪವಿದೆ’ ಎಂದು ಹೇಳಿ ಕಳಿಸಿದರೆ ಮುಗಿಯಿತು. ಹಳೆಯ ಸಿನಿಮಾಗಳಲ್ಲಿ ಒಬ್ಬಂಟಿ ಸೆನೆಟರ್ ಬೆವರು ಸುರಿಸುತ್ತ ಮಾತಾಡುವ ದೃಶ್ಯವನ್ನು ನೋಡಿ ಫಿಲಿಬಸ್ಟರನ್ನು ಪ್ರೀತಿಸುವವರು, ಇಂದಿನ ಫಿಲಿಬಸ್ಟರಿಗೆ ದೃಶ್ಯವೇ ಇಲ್ಲ ಎಂಬುದನ್ನು ಮರೆಯುತ್ತಾರೆ.

ಇದು ಅಲ್ಪಮತದ ರಕ್ಷಾಕವಚ ಎಂಬ ವಾದ ಉಳಿದೇ ಇದೆ. ಯಾವ ಅಲ್ಪಸಂಖ್ಯಾತರನ್ನು ಅದು ರಕ್ಷಿಸಿತು ಎಂದು ಕೇಳಿದರೆ ದಾಖಲೆ ಉತ್ತರ ಕೊಡುತ್ತದೆ. ಕರಿಯರನ್ನು ಗುಂಪುಗಟ್ಟಿ ಹಿಡಿದು ಮರಕ್ಕೆ ನೇತುಹಾಕುವುದು ದಕ್ಷಿಣದ ರಾಜ್ಯಗಳಲ್ಲಿ ಹಬ್ಬದಂತೆ ನಡೆಯುತ್ತಿದ್ದ ಕಾಲದಲ್ಲಿ, ಅಂಥ ಹತ್ಯೆಯನ್ನು ಒಕ್ಕೂಟದ ಅಪರಾಧವೆಂದು ಘೋಷಿಸುವ ಮಸೂದೆಯೊಂದು 1922ರ ಜನವರಿಯಲ್ಲಿ ಪ್ರತಿನಿಧಿ ಸಭೆಯಲ್ಲಿ ಅಂಗೀಕಾರವಾಯಿತು. ಮಿಸ್ಸೂರಿಯ ಲಿಯೊನಿಡಾಸ್ ಡೈಯರ್ ಅದನ್ನು ತಂದಿದ್ದ. ಸೆನೆಟ್ಟಿನಲ್ಲಿ ದಕ್ಷಿಣದ ಡೆಮಾಕ್ರಾಟರು ಮಾತಾಡಿ ಮಾತಾಡಿಯೇ ಅದನ್ನು ಕೊಂದರು. 1930ರ ದಶಕದಲ್ಲಿ ಮತ್ತೆ ಅಂಥ ಮಸೂದೆ ಬಂತು, ಮತ್ತೆ ಹಾಗೆಯೇ ಸತ್ತಿತು. ಒಂದು ಶತಮಾನದಲ್ಲಿ ಇನ್ನೂರರಷ್ಟು ಬಾರಿ ಈ ಪ್ರಯತ್ನ ನಡೆಯಿತು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14 ವರ್ಷದ ಹುಡುಗ ಎಮೆಟ್ ಟಿಲ್‌ನ ಹೆಸರಿನಲ್ಲಿ ಆ ಕಾನೂನು ಕೊನೆಗೂ ಬಂದದ್ದು 2022ರ ಮಾರ್ಚಿಯಲ್ಲಿ. ಆಗ ಸೆನೆಟ್ಟಿನಲ್ಲಿ ಒಬ್ಬರೂ ವಿರೋಧಿಸಲಿಲ್ಲ. ನೂರು ವರ್ಷ ತಡೆಹಿಡಿದ ಮೇಲೆ, ಯಾರೂ ವಿರೋಧಿಸದ ಕಾನೂನು!

1957ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ತಡೆಯಲು ದಕ್ಷಿಣ ಕೆರೊಲಿನದ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ನಿಂತು ಮಾತಾಡಿದ. 1964ರ ಕಾಯಿದೆಯನ್ನು ಅರವತ್ತು ದಿನಗಳ ಕಾಲಾಪ ತಿಂದು ತಡೆದರು. ಜೂನ್ 10ರಂದು 71ಕ್ಕೆ 29 ಮತಗಳಿಂದ ಆ ತಡೆ ಮುರಿಯಿತು. ಅಂದು ತಡೆ ಮುರಿದದ್ದು ಎರಡು ಪಕ್ಷಗಳೂ ಒಳಗೊಳಗೇ ಒಡೆದಿದ್ದರಿಂದ. ದಕ್ಷಿಣದ ಡೆಮಾಕ್ರಾಟರನ್ನು ಸೋಲಿಸಲು ಉತ್ತರದ ಡೆಮಾಕ್ರಾಟರು ರಿಪಬ್ಲಿಕನ್ನರ ಜತೆ ಸೇರಬಹುದಾಗಿತ್ತು. ಇಂದು ಎರಡೂ ಪಕ್ಷಗಳು ತಮ್ಮೊಳಗಿನ ಅಂಥ ಬೆರಕೆಯನ್ನು ತೊಳೆದುಕೊಂಡಿವೆ. ಭಿನ್ನರ ನಡುವೆ ಸೇತುವೆಯಾಗಲೆಂದು ಹೇಳಿಕೊಳ್ಳುವ 60ರ ನಿಯಮ, ದಾಟುವವರೇ ಇಲ್ಲದ ಕಾಲದಲ್ಲಿ ಬರಿಯ ಗೋಡೆ.

ಗೋಡೆ ಎಂದೆ; ಆದರೆ ಎಲ್ಲರಿಗೂ ಗೋಡೆಯಲ್ಲ. ಈ ವಿಷಯದಲ್ಲಿ ನನಗೆ ಹೆಚ್ಚು ಸಿಟ್ಟು ತರಿಸುವುದು ಇದೇ. ಯಾವುದು ಬೇಕೋ ಅದಕ್ಕೆ ಎರಡೂ ಪಕ್ಷಗಳು ಹಿತ್ತಲ ಬಾಗಿಲು ಇಟ್ಟುಕೊಂಡಿವೆ. ನ್ಯಾಯಾಧೀಶರ ನೇಮಕಕ್ಕೆ 60 ಬೇಕೆಂಬ ಕಟ್ಟಳೆಯನ್ನು 2013ರ ನವೆಂಬರಿನಲ್ಲಿ ಡೆಮಾಕ್ರಾಟ್ ನಾಯಕ ಹ್ಯಾರಿ ರೀಡ್ ಸರಳ ಬಹುಮತದಿಂದಲೇ ಕಿತ್ತುಹಾಕಿದ, ಸುಪ್ರೀಂ ಕೋರ್ಟನ್ನು ಮಾತ್ರ ಬಿಟ್ಟು. 2017ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಸುಪ್ರೀಂ ಕೋರ್ಟಿಗೂ ಕಿತ್ತ. ಜೀವಾವಧಿಗೆ ನೇಮಕವಾಗುವ ನ್ಯಾಯಮೂರ್ತಿಗೆ ಈಗ 51 ಮತ ಸಾಕು. ಬ್ರೆಟ್ ಕ್ಯಾವನಾ 50–48ರಲ್ಲಿ ಗೆದ್ದು ಬಂದರು. ಇನ್ನೊಂದು ಬಾಗಿಲು ಬಜೆಟ್ಟಿನದು. 1974ರ ಬಜೆಟ್ ಕಾಯಿದೆಯಡಿ ವರಮಾನ, ವೆಚ್ಚಕ್ಕೆ ನೇರ ಸಂಬಂಧವಿರುವ ಮಸೂದೆಗೆ ಫಿಲಿಬಸ್ಟರ್ ತಾಗುವುದಿಲ್ಲ. 2017ರ ತೆರಿಗೆ ಕಡಿತ ಹೀಗೆ ಬಂತು, 2022ರಲ್ಲಿ ಬೈಡನ್ನರ ಹವಾಮಾನ ಕಾಯಿದೆ ಹೀಗೆ ಬಂತು, 2025ರ ಜುಲೈಯಲ್ಲಿ ಟ್ರಂಪರ ಬೃಹತ್ ತೆರಿಗೆ ಕಾಯಿದೆ ಹೀಗೆ ಬಂತು. ಕೊನೆಯ ಎರಡಕ್ಕೂ ಸೆನೆಟ್ಟಿನಲ್ಲಿ 50–50 ಆಗಿ, ಉಪಾಧ್ಯಕ್ಷರ ಒಂದು ಮತ ತೀರ್ಮಾನಿಸಿತು.

ಅದೇ ಬಾಗಿಲಿನಿಂದ ಕನಿಷ್ಠ ಕೂಲಿಯನ್ನು ಒಳತರಲು 2021ರಲ್ಲಿ ನೋಡಿದರು. ಆಗದು ಎಂದರು ಸೆನೆಟ್ಟಿನ ನಿಯಮ ಸಲಹೆಗಾರರಾದ ಎಲಿಜಬೆತ್ ಮ್ಯಾಕ್‌ಡೊನೊ. ಗಂಟೆಗೆ 7.25 ಡಾಲರ್ ಎಂದು 2009ರಲ್ಲಿ ನಿಂತ ಒಕ್ಕೂಟದ ಕನಿಷ್ಠ ಕೂಲಿ ಅಲ್ಲಿಯೇ ನಿಂತಿದೆ. ಅದೇ ವರ್ಷ ವಲಸಿಗರಿಗೆ ನೆಲೆ ಕೊಡುವ ಪ್ರಸ್ತಾಪಗಳನ್ನು ಆ ಬಾಗಿಲಲ್ಲಿ ತಂದಾಗಲೂ ಆಕೆಯ ಉತ್ತರ ಅದೇ. ಆಕೆಯನ್ನು ದೂರುವುದು ಸರಿಯಲ್ಲ, ಪುಸ್ತಕದಲ್ಲಿರುವುದನ್ನು ಆಕೆ ಓದಿ ಹೇಳಿದರು. ಪುಸ್ತಕ ಬರೆದವರು ಆ ಸಭೆಯವರೇ. ತೆರಿಗೆಗೆ 51, ನ್ಯಾಯಮೂರ್ತಿಗೆ 51, ಕೂಲಿಗೆ 60, ವಲಸಿಗನಿಗೆ 60, ಮತದಾನದ ಹಕ್ಕಿಗೆ 60. ಇದನ್ನು ಸಮತೋಲನವೆಂದು ಕರೆಯುವುದಾದರೆ ತಕ್ಕಡಿಯನ್ನೊಮ್ಮೆ ತಿರುಗಿಸಿ ನೋಡಬೇಕು.

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಕುಳಿತು ಕನ್ನಡ ಓದುವವರಿಗೆ ಇದರಿಂದೇನು ಎನ್ನುವವರಿಗೆ ಒಂದು ಮಾತು. ನಮ್ಮ ಬಳಗಗಳಲ್ಲಿ ಮಗನೋ ಮಗಳೋ ಸೊಸೆಯೋ ಅಮೆರಿಕದಲ್ಲಿ ‘ಗ್ರೀನ್ ಕಾರ್ಡಿನ ಸಾಲಿನಲ್ಲಿ’ ಇಲ್ಲದ ಮನೆ ಎಷ್ಟಿದ್ದಾವು? ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1.4 ಲಕ್ಷ ಗ್ರೀನ್ ಕಾರ್ಡು, ಯಾವ ಒಂದು ದೇಶದವರಿಗೂ ಶೇಕಡ 7ಕ್ಕಿಂತ ಹೆಚ್ಚಿಲ್ಲ ಎಂಬ ಈಗಿನ ಕಟ್ಟಳೆ 1990ರ ಕಾಯಿದೆಯದು. ಐಸ್‌ಲೆಂಡಿಗೂ ಅಷ್ಟೇ ಮಿತಿ, ಭಾರತಕ್ಕೂ ಅಷ್ಟೇ ಮಿತಿ. ಆ ಕಾಯಿದೆಯಾದಾಗ ಇಂದಿನ ಸಾಫ್ಟ್‌ವೇರ್ ವಲಸೆಯ ಕಲ್ಪನೆಯೂ ಯಾರಿಗೂ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ಅದನ್ನು ಮುಟ್ಟಲಾಗಿಲ್ಲ.

ಮುಟ್ಟಲು ನೋಡಲಿಲ್ಲವೆಂದಲ್ಲ. 2013ರ ಜೂನ್ 27ರಂದು ಆ ಮಿತಿಯನ್ನು ತೆಗೆಯುವ ಅಂಶವೂ ಇದ್ದ ಸಮಗ್ರ ವಲಸೆ ಮಸೂದೆ ಸೆನೆಟ್ಟಿನಲ್ಲಿ 68–32ರಿಂದ ಗೆದ್ದಿತು, 14 ರಿಪಬ್ಲಿಕನ್ನರೂ ಕೈಗೂಡಿಸಿದ್ದರು. ಅಂದರೆ ಅರವತ್ತರ ಗೋಡೆಯನ್ನೂ ಹಾರಿತ್ತು. ಪ್ರತಿನಿಧಿ ಸಭೆಯ ಸ್ಪೀಕರ್ ಜಾನ್ ಬೇನರ್ ಅದನ್ನು ಮತಕ್ಕೇ ಹಾಕಲಿಲ್ಲ. ತನ್ನ ಪಕ್ಷದ ಬಹುಪಾಲು ಸದಸ್ಯರು ಒಪ್ಪದ ಮಸೂದೆಯನ್ನು ಸಭೆಗೆ ತರಬಾರದೆಂಬ, ಎಲ್ಲೂ ಬರೆದಿಡದ ರೂಢಿ ಅಡ್ಡ ಬಂತು. 2019ರ ಜುಲೈಯಲ್ಲಿ ದೇಶವಾರು ಮಿತಿಯನ್ನಷ್ಟೇ ತೆಗೆಯುವ ಚಿಕ್ಕ ಮಸೂದೆ ಪ್ರತಿನಿಧಿ ಸಭೆಯಲ್ಲಿ 365–65ರಿಂದ ಗೆದ್ದಿತು. ಈ ಕಾಲದ ವಾಷಿಂಗ್ಟನ್ನಿನಲ್ಲಿ ಇಂಥ ಅಂಕಿ ಕಾಣುವುದೇ ಅಪರೂಪ. ಸೆನೆಟ್ಟಿನಲ್ಲಿ ಸರ್ವಾನುಮತದ ಹಾದಿಯಲ್ಲಿ ತರಲು ಹೋದಾಗ ಒಮ್ಮೆ ರಿಪಬ್ಲಿಕನ್ ಡೇವಿಡ್ ಪರ್ಡ್ಯೂ ಆಕ್ಷೇಪಿಸಿದ, ಒಮ್ಮೆ ಡೆಮಾಕ್ರಾಟ್ ಡಿಕ್ ಡರ್ಬಿನ್. ಆಕ್ಷೇಪದಲ್ಲಿ ಹುರುಳೇ ಇರಲಿಲ್ಲ ಎನ್ನಲಾಗದು: ಒಟ್ಟು ಸಂಖ್ಯೆ ಹೆಚ್ಚಿಸದೆ ಮಿತಿ ಮಾತ್ರ ತೆಗೆದರೆ ಬೇರೆ ದೇಶದವರ ಕಾಯುವಿಕೆ ಉದ್ದವಾಗುತ್ತಿತ್ತು. ಆದರೆ ಹುರುಳಿದ್ದ ಆಕ್ಷೇಪವನ್ನು ಚರ್ಚಿಸಿ, ತಿದ್ದಿ, ಮತಕ್ಕೆ ಹಾಕುವುದಕ್ಕೆಂದೇ ಅಲ್ಲವೆ ಶಾಸನಸಭೆ ಇರುವುದು? 2020ರ ಡಿಸೆಂಬರ್ 2ರಂದು, ಅವಧಿ ಮುಗಿಯಲು ತಿಂಗಳಿರುವಾಗ, ಸೆನೆಟ್ಟು ಬೇರೆಯದೇ ರೂಪದ ಮಸೂದೆಯನ್ನು ಅಂಗೀಕರಿಸಿತು. ಎರಡೂ ರೂಪಗಳನ್ನು ಹೊಂದಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಜನವರಿ 3ಕ್ಕೆ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆಯೂ ಮುಗಿಯಿತು. ಎರಡು ಸದನಗಳೂ ಒಪ್ಪಿದ ಸಂಗತಿ ಕಾನೂನಾಗದೆ ಹೋಯಿತು.

2024ರ ಫೆಬ್ರವರಿಯದು ಇನ್ನೂ ಸೋಜಿಗ. ಗಡಿಯನ್ನು ಬಿಗಿಗೊಳಿಸಬೇಕೆಂದು ಪಟ್ಟು ಹಿಡಿದವರು ರಿಪಬ್ಲಿಕನ್ನರು. ಅವರ ಪರವಾಗಿ ಒಕ್ಲಹೋಮದ ಜೇಮ್ಸ್ ಲ್ಯಾಂಕ್‌ಫರ್ಡ್ ತಿಂಗಳುಗಟ್ಟಲೆ ಮಾತುಕತೆ ನಡೆಸಿ ಮಸೂದೆ ಸಿದ್ಧಪಡಿಸಿದ. ಎಚ್-1ಬಿ ವೀಸಾದವರ ಮಕ್ಕಳು 21 ತುಂಬಿದ ಕೂಡಲೇ ಸಾಲಿನಿಂದ ಹೊರಬೀಳುವುದನ್ನು ತಪ್ಪಿಸುವ ಅಂಶವೂ ಅದರಲ್ಲಿತ್ತು. 4ರ ಸಂಜೆ ಪಠ್ಯ ಹೊರಬಂತು. ಚುನಾವಣೆಯ ವರ್ಷದಲ್ಲಿ ಗಡಿಯ ಸಮಸ್ಯೆ ಪರಿಹಾರವಾಗುವುದು ಟ್ರಂಪರಿಗೆ ಬೇಕಿರಲಿಲ್ಲ, ಬಹಿರಂಗವಾಗಿಯೇ ವಿರೋಧಿಸಿದರು. 7ನೆಯ ತಾರೀಖು 49–50ರಲ್ಲಿ ಮಸೂದೆ ಬಿತ್ತು. ಪರವಾಗಿ ನಿಂತ ರಿಪಬ್ಲಿಕನ್ನರು ನಾಲ್ವರು. ಎಡಪಕ್ಕದ ಕೆಲವು ಡೆಮಾಕ್ರಾಟರೂ ಅದು ಕಠೋರವೆಂದು ಕೈಬಿಟ್ಟರು. ಎರಡು ವರ್ಷದ ಕೂಸಾಗಿ ಹೋಗಿ, ಅಲ್ಲಿಯೇ ಅಕ್ಷರ ಕಲಿತು, ಅಲ್ಲಿಯ ನುಡಿಯನ್ನೇ ಮನೆಮಾತಾಗಿಸಿಕೊಂಡ ಹುಡುಗಿಯೊಬ್ಬಳು 21ರ ಹುಟ್ಟುಹಬ್ಬದ ದಿನ ತಂದೆಯ ಅರ್ಜಿಯ ಆಸರೆ ಕಳೆದುಕೊಳ್ಳುವುದು ಯಾವ ಪಕ್ಷದ ಸಿದ್ಧಾಂತಕ್ಕೂ ಬೇಕಾದದ್ದಲ್ಲ. ಎರಡೂ ಕಡೆಯವರು ಅವಳ ಬಗ್ಗೆ ಮರುಕದ ಮಾತಾಡಿದ್ದಾರೆ. ಮರುಕಕ್ಕೆ 60 ಮತ ಬೇಕಾಗಿಲ್ಲ.

ಶಾಸನಸಭೆ ನಿಂತರೆ ಆಳ್ವಿಕೆ ನಿಲ್ಲುತ್ತದೆ ಎಂದು ಭಾವಿಸುವುದು ಇನ್ನೊಂದು ಭ್ರಮೆ. ಆಳ್ವಿಕೆ ಪಕ್ಕದ ಮನೆಗೆ ಹೋಗುತ್ತದೆ. ಮಕ್ಕಳಾಗಿ ಬಂದ ದಾಖಲೆರಹಿತ ವಲಸಿಗರಿಗೆ 2012ರಲ್ಲಿ ಒಬಾಮ ಸರ್ಕಾರ ರಕ್ಷಣೆ ಕೊಟ್ಟದ್ದು ಕಾನೂನಿನಿಂದಲ್ಲ, ಆಡಳಿತದ ಒಂದು ಟಿಪ್ಪಣಿಯಿಂದ. 2015ರಲ್ಲಿ ಎಚ್-1ಬಿ ವೀಸಾದವರ ಪತಿ ಪತ್ನಿಯರಿಗೆ ದುಡಿಯಲು ಅನುಮತಿ ಸಿಕ್ಕಿದ್ದೂ ಇಲಾಖೆಯ ನಿಯಮದಿಂದ. ನಮಗೆ ಅನುಕೂಲವಾಗಿದ್ದರಿಂದ ನಾವು ಚಪ್ಪಾಳೆ ತಟ್ಟಿದೆವು. ಪೆನ್ನು ಒಂದೇ, ಹಿಡಿಯುವ ಕೈ ಬದಲಾಗುತ್ತದೆ. 2025ರ ಸೆಪ್ಟೆಂಬರ್ 19ರ ಶುಕ್ರವಾರ ಟ್ರಂಪ್ ಅದೇ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು, ಭಾನುವಾರದಿಂದಲೇ ಜಾರಿ ಎಂದರು. ರಜೆಗೆಂದು ಊರಿಗೆ ಬಂದವರು ಸಿಕ್ಕಿದ ವಿಮಾನ ಹತ್ತಲು ಧಾವಿಸಿದರು. ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಮರುದಿನ ಬಂತು. ಅದಕ್ಕೂ ಸುಮಾರು ಮೂರು ವಾರಗಳ ಹಿಂದೆ, ಆಗಸ್ಟ್ 27ರಿಂದ, ಭಾರತದ ಬಹಳಷ್ಟು ಸರಕುಗಳ ಮೇಲೆ ಶೇಕಡ 50ರ ಸುಂಕ ಬಿದ್ದಿತ್ತು. ಸುಂಕ ವಿಧಿಸುವ ಅಧಿಕಾರ ಅಮೆರಿಕದ ಸಂವಿಧಾನದ ಮೊದಲನೆಯ ವಿಧಿಯಲ್ಲಿ ಕಾಂಗ್ರೆಸ್ಸಿಗೇ ಇದೆ. ತಿರುಪ್ಪೂರಿನ ಹೆಣಿಗೆ ಕಾರ್ಖಾನೆಯ, ಸೂರತ್ತಿನ ವಜ್ರದ ಕೆಲಸದ ಅನ್ನ ತಗ್ಗಿಸಿದ ಈ ತೀರ್ಮಾನದ ಮೇಲೆ ಆ ಕಾಂಗ್ರೆಸ್ಸಿನಲ್ಲಿ ಒಬ್ಬ ಸದಸ್ಯನೂ ಮೊದಲು ಮತ ಹಾಕಲಿಲ್ಲ. ‘ತಡೆ ಮತ್ತು ಸಮತೋಲನ’ವನ್ನು ಕೊಂಡಾಡುವವರಿಗೆ ಕೇಳುತ್ತೇನೆ: ಇಲ್ಲಿ ಯಾರು ಯಾರನ್ನು ತಡೆದರು?

ನಮ್ಮ ಸಂಸತ್ತಿನ ಸ್ಥಿತಿ ನೋಡಿ ಅಮೆರಿಕದ ನಿಧಾನವನ್ನು ಮೆಚ್ಚುವವರ ನೋವು ನನಗೆ ಅರ್ಥವಾಗದೆ ಇಲ್ಲ. 2020ರ ಸೆಪ್ಟೆಂಬರಿನಲ್ಲಿ ಕೃಷಿ ಮಸೂದೆಗಳು ರಾಜ್ಯಸಭೆಯಲ್ಲಿ, ಮತ ಎಣಿಸಿ ಎಂಬ ಬೇಡಿಕೆಯ ನಡುವೆ, ಧ್ವನಿಮತದಲ್ಲಿ ದಾಟಿದವು. 2021ರ ನವೆಂಬರಿನಲ್ಲಿ ರದ್ದಾದಾಗಲೂ ಚರ್ಚೆಯಿರಲಿಲ್ಲ. 2023ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ 146 ಸದಸ್ಯರನ್ನು ಅಮಾನತು ಮಾಡಿ ಮಸೂದೆಗಳನ್ನು ಓಡಿಸಲಾಯಿತು. ಪಕ್ಷಾಂತರ ನಿಷೇಧ ಕಾನೂನು ಬಂದ 1985ರಿಂದ ನಮ್ಮ ಸದಸ್ಯ ವಿಪ್ ಮೀರಿದರೆ ಸ್ಥಾನವನ್ನೇ ಕಳೆದುಕೊಳ್ಳಬಹುದು. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಕೃಷಿ ಕಾನೂನು ತಂದವರು ಯಾರೆಂದು ಸಿಂಘು ಗಡಿಯಲ್ಲಿ ವರ್ಷವಿಡೀ ಕುಳಿತ ರೈತರಿಗೆ ಗೊತ್ತಿತ್ತು. ಯಾರ ಬಾಗಿಲಿಗೆ ಹೋಗಿ ಕೂಗಬೇಕೆಂದು ಗೊತ್ತಿತ್ತು. ಕನಿಷ್ಠ ಕೂಲಿ 7.25ರಲ್ಲಿ ನಿಂತದ್ದಕ್ಕೆ ಅಮೆರಿಕದ ಹೋಟೆಲಿನಲ್ಲಿ ತಟ್ಟೆ ತೊಳೆಯುವವನು ಯಾರ ಬಾಗಿಲಿಗೆ ಹೋಗಬೇಕು? ಬಹುಮತದವರು ‘ನಮಗೆ 60 ಇಲ್ಲ’ ಎನ್ನುತ್ತಾರೆ, ಅಲ್ಪಮತದವರು ‘ನಾವು ಅಧಿಕಾರದಲ್ಲಿಲ್ಲ’ ಎನ್ನುತ್ತಾರೆ. ಇಬ್ಬರೂ ಸತ್ಯವನ್ನೇ ಹೇಳುತ್ತಾರೆ.

ಈ ಗೋಡೆಯನ್ನು ಕೆಡವಲು ಬೇಕಾದದ್ದು 51 ಮತ ಮಾತ್ರ. 2013ರಲ್ಲೂ 2017ರಲ್ಲೂ ಮಾಡಿ ತೋರಿಸಿದ್ದಾರೆ. 2005ರಲ್ಲಿ ರಿಪಬ್ಲಿಕನ್ನರು ಕೆಡವುತ್ತೇವೆಂದು ಬೆದರಿಸಿದಾಗ ಡೆಮಾಕ್ರಾಟರು ಅದನ್ನು ಗಣರಾಜ್ಯದ ಆತ್ಮವೆಂಬಂತೆ ಕಾಪಾಡಿದರು. 2022ರ ಜನವರಿಯಲ್ಲಿ ಮತದಾನದ ಹಕ್ಕಿನ ಮಸೂದೆಗಾಗಿ ನಿಯಮ ಬದಲಿಸಲು ಅದೇ ಡೆಮಾಕ್ರಾಟರು ಹೊರಟಾಗ ರಿಪಬ್ಲಿಕನ್ನರೆಲ್ಲ ಕಾವಲು ನಿಂತರು, ಡೆಮಾಕ್ರಾಟರದೇ ಜೋ ಮ್ಯಾಂಚಿನ್, ಕಿರ್ಸ್ಟನ್ ಸಿನೆಮಾ ಅವರ ಜತೆ ಸೇರಿದರು, 48–52. 2025ರ ಸ್ಥಗಿತದ ನಡುವೆ ಫಿಲಿಬಸ್ಟರನ್ನು ಕಿತ್ತೊಗೆಯಿರಿ ಎಂದು ಟ್ರಂಪರೇ ಕೂಗಿದರು. 53 ಸ್ಥಾನ ಕೈಯಲ್ಲಿದ್ದೂ ಅವರ ಪಕ್ಷದ ನಾಯಕ ಜಾನ್ ಥೂನ್ ಒಪ್ಪಲಿಲ್ಲ. ಟ್ರಂಪರ ಮಾತನ್ನು ಆ ಪಕ್ಷ ಮೀರುವುದು ಅಪರೂಪ. ಮೀರಿದ ವಿಷಯ ಯಾವುದೆಂದು ಗಮನಿಸಬೇಕು.

ಆ ಸ್ಥಗಿತದ ಮೂಲವೂ ಹಿತ್ತಲ ಬಾಗಿಲಿನದೇ. ಜಗಳವಿದ್ದದ್ದು ಆರೋಗ್ಯ ವಿಮೆಯ ಕಂತಿಗೆ ಸರ್ಕಾರ ಕೊಡುತ್ತಿದ್ದ ಹೆಚ್ಚುವರಿ ನೆರವಿನ ಬಗ್ಗೆ. 2021ರಲ್ಲಿ ಡೆಮಾಕ್ರಾಟರು ಅದನ್ನು ಬಜೆಟ್ಟಿನ ಬಾಗಿಲಿನಿಂದ ತಂದಿದ್ದರು. ಆ ಹಾದಿಯಲ್ಲಿ ಲೆಕ್ಕ ಹೊಂದಿಸಬೇಕಾದ್ದರಿಂದ ಅಂಥ ಕಾನೂನುಗಳಿಗೆ ಔಷಧದ ಶೀಶೆಯಂತೆ ಮುಗಿಯುವ ತಾರೀಖು ಅಂಟಿಸುವುದು ರೂಢಿ. 2017ರ ತೆರಿಗೆ ಕಡಿತದ ಬಹುಭಾಗಕ್ಕೂ ಹಾಗೆಯೇ ಅಂಟಿಸಿದ್ದರು. ಈ ನೆರವಿನದು 2025ರ ಡಿಸೆಂಬರ್ 31. ನವೆಂಬರಿನಲ್ಲಿ ಡೆಮಾಕ್ರಾಟರ ಗುಂಪಿನ ಎಂಟು ಸೆನೆಟರುಗಳು ಮೆತ್ತಗಾಗಿ 60 ಮತ ಕೂಡಿ, ಬೊಕ್ಕಸ ತೆರೆಯಿತು. ಬದಲಿಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ ಒಂದು ಮತದಾನದ ಭರವಸೆ. ಭರವಸೆಯಂತೆ ಡಿಸೆಂಬರ್ 11ರಂದು ಸೆನೆಟ್ಟಿನ ಮುಂದೆ ಎರಡು ಮಸೂದೆ ಬಂದವು: ನೆರವನ್ನು ಮೂರು ವರ್ಷ ಮುಂದುವರಿಸುವ ಡೆಮಾಕ್ರಾಟರದು ಒಂದು, ಅದಕ್ಕೆ ಪರ್ಯಾಯವಾಗಿ ರಿಪಬ್ಲಿಕನ್ನರದು ಇನ್ನೊಂದು. ಮೊದಲನೆಯದಕ್ಕೆ 51 ಮತ ಬಿತ್ತು, 48 ವಿರೋಧ. ಎರಡನೆಯದಕ್ಕೂ 51, 48. ಎರಡೂ ಸೋತವೆಂದು ಘೋಷಿಸಲಾಯಿತು. ತಿಂಗಳ ಕೊನೆಗೆ ನೆರವು ನಿಂತಿತು.